ಡಿಮಿನಿಶ್ಡ್ ಸೆವೆನ್ ಕಾರ್ಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಕೀಬೋರ್ಡ್, ಗಿಟಾರ್ ಕಲಿಯುವವರು ಮೇಜರ್, ಮೈನರ್ ದಾಟಿ ನಾಲ್ಕು ಸ್ವರ ಒಟ್ಟಿಗೆ ನುಡಿಸುವ ಸೆವೆನ್ ಕಾರ್ಡುಗಳಿಗೆ ಬಂದಾಗ ಜಾಸ್ತಿ ತಡವರಿಸುವುದು ಡಿಮಿನಿಶ್ಡ್ ಸೆವೆನ್ ಹತ್ತಿರ. ಹಾಡಿನ ಕಾರ್ಡುಗಳನ್ನು ಬರೆದ ಚಾರ್ಟಿನಲ್ಲಿ ಇದರ ಚಿಕ್ಕ ಹೆಸರು ‘ಡಿಮ್7’ ಅಂತ ಕಂಡರೆ ಬೆರಳು ನಿಂತುಬಿಡುತ್ತದೆ. ಎಷ್ಟೋ ಜನ ಅದನ್ನು ಬಿಟ್ಟು ಮುಂದಿನ ಕಾರ್ಡಿಗೆ ಹಾರುತ್ತಾರೆ. ಇನ್ನು ಕೆಲವರು ಶೇಪ್ ಬಾಯಿಪಾಠ ಮಾಡಿರುತ್ತಾರೆ, ಎಲ್ಲಿ ಹಾಕಬೇಕು ಅಂತ ಗೊತ್ತಿರುವುದಿಲ್ಲ. ಈ ಕಾರ್ಡನ್ನು ಒಂಟಿಯಾಗಿ ಕಲಿಯಬೇಡಿ, ಅದು ಹೋಗಿ ಸೇರುವ ಕಾರ್ಡಿನ ಜೊತೆಗೇ ಕಲಿಯಿರಿ. ಕೆಳಗಿನ ಉತ್ತರಗಳೆಲ್ಲ ಈ ಒಂದು ಮಾತಿನ ಸುತ್ತವೇ ಇವೆ.

ಈ ಕಾರ್ಡಿನಲ್ಲಿ ಯಾವ ಯಾವ ಸ್ವರಗಳಿರುತ್ತವೆ?

ಒಂದು ಸ್ವರದಿಂದ ಶುರುಮಾಡಿ. ಮೂರು ಅರ್ಧ ಸ್ವರ (ಕೀಬೋರ್ಡಿನಲ್ಲಿ ಕಪ್ಪು ಬಿಳಿ ಸೇರಿಸಿ ಎಣಿಸಿದರೆ ಮೂರು ಕೀ) ಮೇಲೆ ಹೋಗಿ. ಅಲ್ಲಿಂದ ಮತ್ತೆ ಮೂರು, ಮತ್ತೆ ಮೂರು. ಅಷ್ಟೇ. ಸಿ ಇಂದ ಹೊರಟರೆ ಸಿ, ಇ ಫ್ಲಾಟ್, ಜಿ ಫ್ಲಾಟ್, ಎ ಸಿಗುತ್ತವೆ. ಇನ್ನೊಂದು ಸಲ ಮೂರು ಹೆಜ್ಜೆ ಇಟ್ಟರೆ ಮೇಲಿನ ಸಿ. ಬಂದಲ್ಲಿಗೇ ಬಂದಿರಿ.

ಮೇಜರ್ ಕಾರ್ಡಿನಲ್ಲಿ ಒಂದು ಅಂತರ ದೊಡ್ಡದು, ಒಂದು ಚಿಕ್ಕದು. ಹಾಗಾಗಿ ಯಾವುದು ಮೂಲ ಸ್ವರ ಅಂತ ಕಿವಿಗೆ ತಕ್ಷಣ ತಿಳಿಯುತ್ತದೆ. ಇಲ್ಲಿ ಎಲ್ಲ ಅಂತರಗಳೂ ಸಮ. ಯಾವ ಸ್ವರವನ್ನು ಕೆಳಗಿಟ್ಟರೂ ಕಾರ್ಡಿನ ಬಣ್ಣ ಒಂದೇ. ಇದರ ತೊಂದರೆ, ಇದರ ಶಕ್ತಿ ಎರಡೂ ಇಲ್ಲೇ ಇವೆ.

ನನಗೆ ಕರ್ನಾಟಕ ಸಂಗೀತ ಗೊತ್ತು. ಸ್ವರಸ್ಥಾನದ ಲೆಕ್ಕದಲ್ಲಿ ಹೇಳ್ತೀರಾ?

ಷಡ್ಜ, ಸಾಧಾರಣ ಗಾಂಧಾರ, ಪ್ರತಿ ಮಧ್ಯಮ, ಚತುಶ್ರುತಿ ಧೈವತ. ಹೇಮವತಿಯಲ್ಲೂ ಧರ್ಮವತಿಯಲ್ಲೂ ಈ ನಾಲ್ಕು ಸ್ವರಗಳಿವೆ. ಪಂಚಮ, ರಿಷಭ, ನಿಷಾದ ಬಿಟ್ಟು ಇವಿಷ್ಟನ್ನೇ ಹಾಡಿ ನೋಡಿ. ಪಂಚಮ ಇಲ್ಲದಿದ್ದಾಗ ನೆಲ ಸ್ವಲ್ಪ ಜಾರಿದ ಹಾಗೆ ಅನಿಸುತ್ತದೆ ಅಲ್ವಾ? ಕಾರ್ಡಿನ ಗುಣವೂ ಅದೇ.

ಗ್ರಹಭೇದ ಗೊತ್ತಿರುವವರಿಗೆ ಮುಂದಿನ ವಿಷಯ ಬೇಗ ಹಿಡಿಸುತ್ತದೆ. ಮೋಹನದ ರಿಷಭವನ್ನು ಷಡ್ಜ ಮಾಡಿಕೊಂಡರೆ ಮಧ್ಯಮಾವತಿ ಬರುತ್ತದೆ, ಗಾಂಧಾರವನ್ನು ಮಾಡಿಕೊಂಡರೆ ಹಿಂದೋಳ. ಅದೇ ಕೆಲಸವನ್ನು ಈ ನಾಲ್ಕು ಸ್ವರಗಳ ಮೇಲೆ ಮಾಡಿ. ಯಾವುದನ್ನು ಷಡ್ಜ ಮಾಡಿಕೊಂಡರೂ ಮತ್ತೆ ಸ, ಸಾಧಾರಣ ಗ, ಪ್ರತಿ ಮ, ಚತುಶ್ರುತಿ ಧ ಅವೇ ಬರುತ್ತವೆ. ಹೊಸದೇನೂ ಹುಟ್ಟುವುದಿಲ್ಲ.

ಹನ್ನೆರಡು ಸ್ವರಕ್ಕೆ ಹನ್ನೆರಡು ಕಾರ್ಡ್ ಇರಬೇಕಲ್ವಾ? ಮೂರೇ ಅಂತ ಯಾಕೆ ಹೇಳುತ್ತಾರೆ?

ಹೆಸರು ಹನ್ನೆರಡು, ಕಾರ್ಡ್ ಮೂರೇ. ಸಿ ಡಿಮ್7, ಇ ಫ್ಲಾಟ್ ಡಿಮ್7, ಜಿ ಫ್ಲಾಟ್ ಡಿಮ್7, ಎ ಡಿಮ್7 ಇವು ನಾಲ್ಕಕ್ಕೂ ಅವೇ ನಾಲ್ಕು ಕೀಗಳು. ಎರಡನೆಯ ಗುಂಪು ಸಿ ಶಾರ್ಪ್, ಇ, ಜಿ, ಬಿ ಫ್ಲಾಟ್. ಮೂರನೆಯದು ಡಿ, ಎಫ್, ಎ ಫ್ಲಾಟ್, ಬಿ. ಹನ್ನೆರಡು ಸ್ವರಗಳೂ ಮುಗಿದುಹೋದವು. ಕೈಗೆ ಮೂರು ಶೇಪ್ ಕೂತರೆ ಸಾಕು ಅನ್ನುವುದು ನೆಮ್ಮದಿಯ ಸುದ್ದಿ.

ಇದು ಯಾವ ಸ್ಕೇಲಿನಿಂದ ಬಂತು?

ಹಾರ್ಮೋನಿಕ್ ಮೈನರಿನಿಂದ. ನಮ್ಮ ಕೀರವಾಣಿಯ ಸ್ವರಗಳೇ ಅವು. ಅದರ ನಿಷಾದದ ಮೇಲೆ ಒಂದು ಬಿಟ್ಟು ಒಂದು ಸ್ವರ ಜೋಡಿಸಿ: ಕಾಕಲಿ ನಿಷಾದ, ಚತುಶ್ರುತಿ ರಿಷಭ, ಶುದ್ಧ ಮಧ್ಯಮ, ಶುದ್ಧ ಧೈವತ. ಸಿ ಮೈನರಿನಲ್ಲಿ ಬಿ, ಡಿ, ಎಫ್, ಎ ಫ್ಲಾಟ್. ನಿಷಾದದ ಮೇಲೆ ಕಟ್ಟಿರುವುದರಿಂದ ಮೇಲಿನ ಷಡ್ಜಕ್ಕೆ ಹೋಗುವ ಆಸೆ ಇದಕ್ಕೆ ಹುಟ್ಟಿನಿಂದಲೇ ಇದೆ.

ಮೇಜರ್ ಸ್ಕೇಲಿನಲ್ಲಿ, ಅಂದರೆ ಶಂಕರಾಭರಣದ ಸ್ವರಗಳಲ್ಲಿ ಇದೇ ಲೆಕ್ಕ ಮಾಡಿದರೆ ಕೊನೆಯ ಸ್ವರ ಎ ಫ್ಲಾಟ್ ಬದಲು ಎ ಆಗುತ್ತದೆ. ಅದು ಬೇರೆ ಕಾರ್ಡ್, ಹಾಫ್ ಡಿಮಿನಿಶ್ಡ್.

ಹಾಫ್ ಡಿಮಿನಿಶ್ಡ್‌ಗೂ ಇದಕ್ಕೂ ಗುರುತು ಹಿಡಿಯುವುದು ಹೇಗೆ?

ಚಾರ್ಟಿನಲ್ಲಿ ಬರೀ ಸಣ್ಣ ಸೊನ್ನೆ ಇದ್ದರೆ ಡಿಮಿನಿಶ್ಡ್. ಸೊನ್ನೆಗೆ ಅಡ್ಡಗೆರೆ ಎಳೆದಿದ್ದರೆ ಹಾಫ್ ಡಿಮಿನಿಶ್ಡ್. ‘ಮೈನರ್ 7 ಫ್ಲಾಟ್ 5’ ಅಂತ ಬರೆದಿದ್ದರೂ ಅದು ಹಾಫ್ ಡಿಮಿನಿಶ್ಡೇ. ಮೇಲಿನ ಸ್ವರದಲ್ಲಿ ಅರ್ಧ ಸ್ವರದ ವ್ಯತ್ಯಾಸ. ಕೇಳಿದರೆ ಹಾಫ್ ಡಿಮಿನಿಶ್ಡ್ ಮೆತ್ತಗೆ, ಕೊಂಚ ದುಃಖವಾಗಿರುತ್ತದೆ. ಡಿಮಿನಿಶ್ಡ್ ಬಿಗಿಯಾಗಿರುತ್ತದೆ.

ಕೇಳಿದ ತಕ್ಷಣ ಏನೋ ಆಗಬಾರದ್ದು ಆಗುತ್ತದೆ ಅನಿಸುವುದು ಯಾಕೆ?

ಇದರೊಳಗೆ ಟ್ರೈಟೋನ್ ಅನ್ನುವ ಅಂತರ ಎರಡು ಸಲ ಇದೆ. ಟ್ರೈಟೋನ್ ಅಂದರೆ ಆರು ಅರ್ಧ ಸ್ವರ, ಷಡ್ಜದಿಂದ ಪ್ರತಿ ಮಧ್ಯಮದಷ್ಟು ದೂರ. ಬಿ ಡಿಮ್7ನಲ್ಲಿ ಬಿ–ಎಫ್ ಒಂದು, ಡಿ–ಎ ಫ್ಲಾಟ್ ಇನ್ನೊಂದು. ಒಂದೇ ಟ್ರೈಟೋನ್ ಇದ್ದರೂ ಕಿವಿ ಮುಂದಿನ ಸ್ವರಕ್ಕೆ ಕಾಯುತ್ತದೆ. ಇಲ್ಲಿ ಎರಡು. ಜೊತೆಗೆ ಯಾವುದು ಮೂಲ ಅಂತ ಗೊತ್ತಾಗುವುದಿಲ್ಲ. ಹೀಗಾಗಿ ಎಲ್ಲಿ ಇಳಿಯುತ್ತದೆ ಅಂತ ಊಹಿಸುವುದೂ ಕಷ್ಟ.

ಯೂರೋಪಿನ ಸಂಗೀತಗಾರರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಬಾಖ್‌ನ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ನಲ್ಲಿ, ಸೆರೆಯಲ್ಲಿರುವ ಯೇಸು, ಬರಬ್ಬ ಇಬ್ಬರಲ್ಲಿ ಯಾರನ್ನು ಬಿಡಲಿ ಅಂತ ರೋಮನ್ ಅಧಿಕಾರಿ ಪಿಲಾತ ಕೇಳುವ ಜಾಗ ಇದೆ. ಜನರ ಗುಂಪು ಬರಬ್ಬನ ಹೆಸರು ಕೂಗುತ್ತದೆ. ಆ ಒಂದು ಕೂಗಿಗೆ ಬಾಖ್ ಇಟ್ಟಿದ್ದು ಇದೇ ಕಾರ್ಡ್. ಮೂರು ಅಕ್ಷರ, ಒಂದು ಕಾರ್ಡ್, ಮುಗಿಯಿತು. ಅದಕ್ಕಿಂತ ಹೆಚ್ಚು ಬೇಕಾಗಲೇ ಇಲ್ಲ.

1821ರಲ್ಲಿ ಬರ್ಲಿನ್‌ನಲ್ಲಿ ಮೊದಲು ಪ್ರದರ್ಶನವಾದ ವೇಬರ್‌ನ ‘ಫ್ರೈಶುಟ್ಸ್’ ಒಪೆರಾದಲ್ಲಿ ಸಾಮಿಯೆಲ್ ಅನ್ನುವ ದುಷ್ಟಶಕ್ತಿ ಬರುತ್ತದೆ. ಅವನ ಗುರುತೇ ಎಫ್ ಶಾರ್ಪ್, ಎ, ಸಿ, ಇ ಫ್ಲಾಟ್. ಇನ್ನೂ ಸೊಗಸಾದ ವಿಷಯ: ತೋಳಗಳ ಕಣಿವೆಯ ದೃಶ್ಯ ಸಾಗುವ ಮುಖ್ಯ ಸ್ಕೇಲುಗಳೂ ಇವೇ ನಾಲ್ಕು ಸ್ವರಗಳ ಮೇಲೆ ನಿಂತಿವೆ. ಒಂದು ಕಾರ್ಡನ್ನು ಇಡೀ ದೃಶ್ಯದಷ್ಟು ಉದ್ದಕ್ಕೆ ಎಳೆದ ಹಾಗಾಯಿತು.

ಆಮೇಲೆ ಮೂಕಿ ಚಿತ್ರಗಳ ಕಾಲದಲ್ಲಿ ಥಿಯೇಟರಿನ ಪಿಯಾನೋದವರು ಖಳನಾಯಕ ಬಂದಾಗಲೆಲ್ಲ ಇದನ್ನೇ ನಡುಗಿಸಿ ನುಡಿಸಿದರು. ಆ ಹೊತ್ತಿಗೆ ಕಾರ್ಡ್ ಸವೆದುಹೋಗಿತ್ತು. 1911ರ ತನ್ನ ಹಾರ್ಮನಿ ಪುಸ್ತಕದಲ್ಲಿ ಆಸ್ಟ್ರಿಯಾದ ಸಂಗೀತಗಾರ ಶೋನ್‌ಬರ್ಗ್ ಕೂಡ ಇದರ ಹಳೆಯ ತೀಕ್ಷ್ಣತೆ ಉಳಿದಿಲ್ಲ ಅಂತ ಬರೆದ. ಹೆದರಿಸುವುದಕ್ಕಾಗಿ ಮಾತ್ರ ಬಳಸಿದರೆ ಆ ಮಾತು ಇವತ್ತಿಗೂ ನಿಜ. ಆದರೆ ಹೆದರಿಸುವುದು ಇದರ ಕೆಲಸಗಳಲ್ಲಿ ಒಂದು ಮಾತ್ರ, ಅದೂ ಚಿಕ್ಕದು.

ಡಾಮಿನೆಂಟ್ ಸೆವೆನ್‌ಗೂ ಇದಕ್ಕೂ ಏನು ಸಂಬಂಧ?

ಡಾಮಿನೆಂಟ್ ಸೆವೆನ್ ಅಂದರೆ ಸ್ಕೇಲಿನ ಐದನೆಯ ಸ್ವರದ ಮೇಲೆ ಕಟ್ಟಿದ ಸೆವೆನ್ ಕಾರ್ಡ್, ಸಿ ಸ್ಕೇಲಿನಲ್ಲಿ ಜಿ7. ಈ ಸಂಬಂಧ ಅರ್ಥವಾದರೆ ಮಿಕ್ಕಿದ್ದೆಲ್ಲ ಸುಲಭ. ಹಾಗಾಗಿ ಕೀಬೋರ್ಡ್ ಮುಂದೆ ಕೂತು ಓದಿ.

ಜಿ7 ನುಡಿಸಿ: ಜಿ, ಬಿ, ಡಿ, ಎಫ್. ಅದರ ಮೇಲೆ ಎ ಫ್ಲಾಟ್ ಸೇರಿಸಿ. ಇದು ಜಿ7 ಫ್ಲಾಟ್ 9. ಈಗ ಕೆಳಗಿನ ಜಿ ಮಾತ್ರ ಬಿಡಿ. ಉಳಿದದ್ದು ಬಿ, ಡಿ, ಎಫ್, ಎ ಫ್ಲಾಟ್, ಅಂದರೆ ಬಿ ಡಿಮ್7. ಮೂಲ ಸ್ವರ ತೆಗೆದ ಡಾಮಿನೆಂಟ್ ಅದು. ಫ್ರಾನ್ಸಿನ ರಾಮೋ 1722ರಲ್ಲೇ ತನ್ನ ಹಾರ್ಮನಿ ಗ್ರಂಥದಲ್ಲಿ ಇದನ್ನು ಡಾಮಿನೆಂಟಿನ ಮನೆತನಕ್ಕೆ ಸೇರಿಸಿ ವಿವರಿಸಿದ್ದ. ಜಿ7 ಸಿ ಕಡೆಗೆ ಹೇಗೆ ಎಳೆಯುತ್ತದೋ ಬಿ ಡಿಮ್7 ಕೂಡ ಹಾಗೇ ಎಳೆಯುತ್ತದೆ.

ಈಗ ಉಲ್ಟಾ ಮಾಡಿ. ಬಿ ಡಿಮ್7 ಹಿಡಿದುಕೊಂಡು ಒಂದೇ ಒಂದು ಸ್ವರವನ್ನು ಅರ್ಧ ಇಳಿಸಿ. ಎ ಫ್ಲಾಟ್ ಅನ್ನು ಜಿಗೆ ಇಳಿಸಿದರೆ ಜಿ7. ಅದನ್ನು ಹಿಂದಕ್ಕೆ ಇಟ್ಟು ಎಫ್ ಅನ್ನು ಇಗೆ ಇಳಿಸಿದರೆ ಇ7. ಡಿಯನ್ನು ಡಿ ಫ್ಲಾಟಿಗೆ ಇಳಿಸಿದರೆ ಡಿ ಫ್ಲಾಟ್ 7. ಬಿಯನ್ನು ಬಿ ಫ್ಲಾಟಿಗೆ ಇಳಿಸಿದರೆ ಬಿ ಫ್ಲಾಟ್ 7. ಒಂದೊಂದು ಬೆರಳು ಅರ್ಧ ಹೆಜ್ಜೆ ಸರಿದರೆ ನಾಲ್ಕು ಬೇರೆ ಬೇರೆ ಡಾಮಿನೆಂಟುಗಳು. ಅವು ಹೋಗುವ ಕಡೆ ಸಿ, ಎ, ಜಿ ಫ್ಲಾಟ್, ಇ ಫ್ಲಾಟ್. ಒಂದೊಂದನ್ನೂ ನುಡಿಸಿ, ಅದರ ಮನೆಗೆ ಕಳಿಸಿ, ಮತ್ತೆ ಬಿ ಡಿಮ್7ಗೆ ಬನ್ನಿ. ಎಷ್ಟು ದೂರದ ಊರುಗಳು ಎಷ್ಟು ಹತ್ತಿರ ಇವೆ ಅಂತ ಕೈಗೇ ಗೊತ್ತಾಗುತ್ತದೆ.

ಇಳಿಸುವ ಬದಲು ಒಂದು ಸ್ವರವನ್ನು ಅರ್ಧ ಏರಿಸಿದರೆ? ಆಗ ಹಾಫ್ ಡಿಮಿನಿಶ್ಡ್ ಬರುತ್ತದೆ. ಬಿಯನ್ನು ಸಿ ಮಾಡಿ ನೋಡಿ, ಡಿ ಮೇಲಿನ ಹಾಫ್ ಡಿಮಿನಿಶ್ಡ್ ಸಿಗುತ್ತದೆ.

ಸರಿ, ಇದರಿಂದ ಯಾವ ಕಾರ್ಡಿಗೆ ಹೋಗಬೇಕು?

ಮೊದಲ ದಾರಿ: ಬೇಸ್ ಸ್ವರದಿಂದ, ಅಂದರೆ ಎಲ್ಲಕ್ಕಿಂತ ಕೆಳಗಿನ ಸ್ವರದಿಂದ, ಅರ್ಧ ಸ್ವರ ಮೇಲಿನ ಕಾರ್ಡಿಗೆ. ಬಿ ಡಿಮ್7 ಇಂದ ಸಿ. ಒಂದೊಂದು ಸ್ವರವೂ ಎಲ್ಲಿಗೆ ಹೋಗುತ್ತದೆ ನೋಡಿ. ಬಿ ಮೇಲೇರಿ ಸಿ. ಎಫ್ ಇಳಿದು ಇ, ಮೈನರ್ ಬೇಕಾದರೆ ಇ ಫ್ಲಾಟ್. ಎ ಫ್ಲಾಟ್ ಇಳಿದು ಜಿ. ಡಿ ಕೆಳಗೆ ಸಿಗೋ ಮೇಲೆ ಇಗೋ ಹೋಗಬಹುದು. ಯಾವ ಬೆರಳೂ ಎರಡು ಅರ್ಧ ಸ್ವರಕ್ಕಿಂತ ಜಾಸ್ತಿ ಓಡುವುದಿಲ್ಲ.

ಈ ಸಣ್ಣ ಓಡಾಟವನ್ನು ಕೆಡಿಸಬೇಡಿ. ಬಹಳ ಜನ ಡಿಮ್7 ಒಂದು ಜಾಗದಲ್ಲಿ ಹಿಡಿದು, ಮುಂದಿನ ಸಿ ಕಾರ್ಡಿಗೆ ಕೈ ಪೂರ್ತಿ ಎತ್ತಿ ಬೇರೆ ಕಡೆ ಹಾರುತ್ತಾರೆ. ಆಗ ಎರಡೂ ಕಾರ್ಡ್ ಸರಿ ಇದ್ದರೂ ನಡುವಿನ ಎಳೆತ ಕೇಳಿಸುವುದೇ ಇಲ್ಲ. ಡಿಮ್7 ಸುಮ್ನೆ ತಪ್ಪು ಕಾರ್ಡಿನ ಹಾಗೆ ಕೇಳುವುದು ಹೆಚ್ಚಾಗಿ ಈ ಕಾರಣಕ್ಕೆ.

‘ಪಾಸಿಂಗ್ ಡಿಮಿನಿಶ್ಡ್’ ಅಂದರೇನು?

ಎರಡು ಕಾರ್ಡುಗಳ ಬೇಸ್ ನಡುವೆ ಒಂದು ಪೂರ್ತಿ ಸ್ವರದ ಸಂದಿ ಇದ್ದರೆ, ಆ ಸಂದಿಯಲ್ಲಿ ಒಂದು ಡಿಮ್7 ಇಡುವುದು. ಸಿ ಇಂದ ಡಿ ಮೈನರ್ 7ಗೆ ಹೋಗುವಾಗ ನಡುವೆ ಸಿ ಶಾರ್ಪ್ ಡಿಮ್7. ಡಿ ಮೈನರ್ 7 ಇಂದ ಇ ಮೈನರ್ 7ಗೆ ಹೋಗುವಾಗ ಡಿ ಶಾರ್ಪ್ ಡಿಮ್7. ಬೇಸ್ ಸಿ, ಸಿ ಶಾರ್ಪ್, ಡಿ, ಡಿ ಶಾರ್ಪ್, ಇ ಅಂತ ಮೆಟ್ಟಿಲು ಹತ್ತುತ್ತದೆ. ಕೆಲಸ ಮಾಡುವ ಕಾರಣ ಹಿಂದೆ ಹೇಳಿದ್ದೇ: ಸಿ ಶಾರ್ಪ್ ಡಿಮ್7 ಅಂದರೆ ಮೂಲ ತೆಗೆದ ಎ7 ಫ್ಲಾಟ್ 9. ಎ7 ಹೋಗುವುದು ಡಿಗೆ ತಾನೇ?

ಇಳಿಯುವಾಗ ಕಾರಣ ಬೇರೆ. ಇ ಮೈನರ್ 7, ಇ ಫ್ಲಾಟ್ ಡಿಮ್7, ಡಿ ಮೈನರ್ 7 ನುಡಿಸಿ. ಇಲ್ಲಿ ಡಾಮಿನೆಂಟಿನ ಎಳೆತ ಇಲ್ಲ. ಇ ಫ್ಲಾಟ್ ಡಿಮ್7ನ ಎ ಮತ್ತು ಸಿ ಅಲ್ಲೇ ಇರುತ್ತವೆ, ಇ ಫ್ಲಾಟ್ ಡಿಗೆ ಜಾರುತ್ತದೆ, ಜಿ ಫ್ಲಾಟ್ ಎಫ್‌ಗೆ ಜಾರುತ್ತದೆ. ಎರಡು ಸ್ವರ ನಿಂತು, ಎರಡು ಇಳಿಯುತ್ತವೆ. ಬ್ರೆಜಿಲಿನ ಬೋಸಾ ನೋವಾದವರಿಗೆ ಇದು ಬಹಳ ಪ್ರೀತಿ. ಜೋಬಿಮ್‌ನ ‘ವೇವ್’ ಡಿ ಮೇಜರ್ 7ನಿಂದ ಶುರುವಾಗಿ ಬಿ ಫ್ಲಾಟ್ ಡಿಮ್7 ದಾಟಿ ಎ ಮೈನರ್ 7ಗೆ ಬರುತ್ತದೆ. ಅಲ್ಲೂ ಇದೇ ಲೆಕ್ಕ: ಇ, ಜಿ ನಿಲ್ಲುತ್ತವೆ, ಉಳಿದೆರಡು ಅರ್ಧ ಸ್ವರ ಇಳಿಯುತ್ತವೆ. ಅದನ್ನು ಕೇಳಿ ಯಾರೂ ಹೆದರುವುದಿಲ್ಲ. ಇದೇ ಕಾರ್ಡ್ ಅಲ್ಲಿ ಎಷ್ಟು ಹಿತವಾಗಿದೆ!

ಬ್ಲೂಸ್‌ನಲ್ಲಿ ಇನ್ನೊಂದು ಚಂದದ ಜಾಗ ಇದೆ. ಸಿ ಬ್ಲೂಸ್‌ನ ಐದನೆಯ ಬಾರಿನಲ್ಲಿ ಎಫ್7. ಆರನೆಯದರಲ್ಲಿ ಎಫ್ ಶಾರ್ಪ್ ಡಿಮ್7 ಹಾಕುವುದು ಜಾಜ್ ನುಡಿಸುವವರ ರೂಢಿ. ಎಫ್7ನ ಎ, ಸಿ, ಇ ಫ್ಲಾಟ್ ಹಾಗೇ ಇರುತ್ತವೆ, ಎಫ್ ಒಂದೇ ಎಫ್ ಶಾರ್ಪ್ ಆಗುತ್ತದೆ. ಒಂದು ಬೆರಳಿನ ಕೆಲಸ. ಆಮೇಲೆ ಬೇಸ್ ಜಿಗೆ ಏರಿ, ಅದರ ಮೇಲೆ ಸಿ ಕಾರ್ಡ್. ಗಾಸ್ಪೆಲ್ ಅನ್ನುವ ಚರ್ಚ್ ಹಾಡುಗಳಲ್ಲೂ ಈ ಏರಿಕೆ ಸಿಗುತ್ತದೆ.

ಎಲ್ಲಿಗೂ ಹೋಗದೆ ಅದೇ ಕಾರ್ಡಿಗೆ ವಾಪಸ್ ಬರಬಹುದಾ?

ಬರಬಹುದು. ಸಿ, ಸಿ ಡಿಮ್7, ಮತ್ತೆ ಸಿ. ಬೇಸಿನ ಸಿ ಅಲ್ಲಾಡುವುದಿಲ್ಲ. ಡಿ ಶಾರ್ಪ್ (ಇ ಫ್ಲಾಟ್ ಕೀಯ ಇನ್ನೊಂದು ಹೆಸರು) ಇಗೆ ಏರುತ್ತದೆ, ಎಫ್ ಶಾರ್ಪ್ (ಜಿ ಫ್ಲಾಟ್ ಕೀಯೇ) ಜಿಗೆ ಏರುತ್ತದೆ, ಎ ಜಿಗೆ ಇಳಿಯುತ್ತದೆ. ಇದಕ್ಕೆ ಕಾಮನ್ ಟೋನ್ ಡಿಮಿನಿಶ್ಡ್ ಅನ್ನುತ್ತಾರೆ. ಹಾಡಿನಲ್ಲಿ ಒಂದೇ ಕಾರ್ಡ್ ಬಹಳ ಹೊತ್ತು ನಿಂತು ಬೇಜಾರಾದಾಗ ಒಂದು ಬೀಟ್ ಹಾಕಿ ನೋಡಿ.

ಸ್ಕೇಲ್ ಬದಲಿಸುವುದಕ್ಕೆ ಇದು ಹೇಗೆ ನೆರವಾಗುತ್ತದೆ?

ಇದರ ನಾಲ್ಕು ಸ್ವರಗಳಲ್ಲಿ ಯಾವುದನ್ನಾದರೂ ನಿಷಾದ ಅಂತ ಭಾವಿಸಬಹುದು. ಹಾಗಾಗಿ ಒಂದೇ ಕಾರ್ಡಿನಿಂದ ನಾಲ್ಕು ಸ್ಕೇಲಿಗೆ ದಾರಿ. ಮೇಜರ್, ಮೈನರ್ ಬೇರೆ ಎಣಿಸಿದರೆ ಎಂಟು.

ಇದನ್ನು ಕಣ್ಣಾರೆ ನೋಡಬೇಕಾದರೆ 1799ರಲ್ಲಿ ಪ್ರಕಟವಾದ ಬೀಥೋವನ್‌ನ ‘ಪಥೆಟೀಕ್’ ಸೊನಾಟಾ ತೆಗೆಯಿರಿ. ಮೊದಲ ಭಾಗದ ನಡುವೆ ಆರಂಭದ ನಿಧಾನಗತಿಯ ಸಂಗೀತ ಮತ್ತೆ ಬರುತ್ತದೆ, ಈ ಸಲ ಜಿ ಮೈನರಿನಲ್ಲಿ. ಅಲ್ಲಿ ಎಫ್ ಶಾರ್ಪ್, ಎ, ಸಿ, ಇ ಫ್ಲಾಟ್ ಇರುವ ಡಿಮ್7 ಇದೆ. ಎಫ್ ಶಾರ್ಪ್ ನಿಷಾದ, ಜಿಗೆ ಹೋಗಬೇಕು. ಬೀಥೋವನ್ ಮುಂದೆ ಇ ಫ್ಲಾಟ್ ಅನ್ನು ಡಿ ಶಾರ್ಪ್ ಅಂತ ಬರೆಯುತ್ತಾನೆ. ಪಿಯಾನೋದಲ್ಲಿ ಕೀ ಅದೇ. ಆದರೆ ಈಗ ನಿಷಾದ ಡಿ ಶಾರ್ಪ್, ಹೋಗುವ ಊರು ಇ ಮೈನರ್. ನಾವು ಜಿಗಾಗಿ ಕಾಯುತ್ತಿರುವಾಗ ಬಾಗಿಲು ಬೇರೆ ಕಡೆ ತೆರೆಯುತ್ತದೆ. ಇಷ್ಟು ಕಡಿಮೆ ಸ್ವರಗಳಲ್ಲಿ ಇಷ್ಟು ದೊಡ್ಡ ತಿರುವು ಕೊಟ್ಟ ಜಾಗ ನನಗೆ ಇನ್ನೊಂದು ಗೊತ್ತಿಲ್ಲ.

ಹಾಗಾದರೆ ಎ ಫ್ಲಾಟ್ ಅಂತ ಬರೆಯಬೇಕಾ, ಜಿ ಶಾರ್ಪ್ ಅಂತಲಾ?

ಹೋಗುವ ದಿಕ್ಕು ನೋಡಿ. ಜಿಗೆ ಇಳಿಯುವುದಾದರೆ ಎ ಫ್ಲಾಟ್. ಎಗೆ ಏರುವುದಾದರೆ ಜಿ ಶಾರ್ಪ್. ಥಿಯರಿ ಪರೀಕ್ಷೆಯಲ್ಲಿ ಇದಕ್ಕೆ ಅಂಕ ಹೋಗುತ್ತದೆ, ಎಚ್ಚರ. ಬ್ಯಾಂಡಿನಲ್ಲಿ ಬೇಸ್ ನುಡಿಸುವವರಿಗೆ ಬರೆದುಕೊಡುವಾಗ ಬೇಸಿನಲ್ಲಿರುವ ಸ್ವರದ ಹೆಸರಿನಿಂದಲೇ ಕಾರ್ಡನ್ನು ಬರೆಯಿರಿ. ಅವರ ಕೆಲಸ ಸುಲಭವಾಗುತ್ತದೆ.

ಗಿಟಾರಿನಲ್ಲಿ ಯಾವ ಶೇಪ್ ಮೊದಲು ಕಲಿಯಲಿ?

ಮೇಲಿನ ನಾಲ್ಕು ತಂತಿಗಳ ಶೇಪ್. ಡಿ ತಂತಿ 1ನೇ ಫ್ರೆಟ್, ಜಿ ತಂತಿ 2, ಬಿ ತಂತಿ 1, ಸಣ್ಣ ಇ ತಂತಿ 2. ಇದು ಡಿ ಶಾರ್ಪ್, ಎ, ಸಿ, ಎಫ್ ಶಾರ್ಪ್. ಈ ಶೇಪನ್ನು ಮೂರು ಫ್ರೆಟ್ ಮೇಲಕ್ಕೆ ಸರಿಸಿದರೆ ಅದೇ ಕಾರ್ಡ್, ಸ್ವರಗಳ ಕ್ರಮ ಮಾತ್ರ ಬೇರೆ.

ಎರಡನೆಯದು ಎ ತಂತಿಯಿಂದ: ಎ ತಂತಿ 3, ಡಿ ತಂತಿ 4, ಜಿ ತಂತಿ 2, ಬಿ ತಂತಿ 4. ಸಿ ಡಿಮ್7. ಪಾಸಿಂಗ್ ಕಾರ್ಡಾಗಿ ಬಳಸಲು ಇದು ಚೆನ್ನ, ಬೇಸ್ ಸ್ಪಷ್ಟವಾಗಿ ಕೇಳುತ್ತದೆ. ಎರಡೂ ಇ ತಂತಿಗಳನ್ನು ಮುಚ್ಚಿಕೊಳ್ಳಿ.

ಇದರ ಮೇಲೆ ಸೋಲೋ ನುಡಿಸಲು ಯಾವ ಸ್ವರಗಳು?

ಪುಸ್ತಕದ ಉತ್ತರ: ಪೂರ್ತಿ, ಅರ್ಧ, ಪೂರ್ತಿ, ಅರ್ಧ ಅಂತ ಹೋಗುವ ಎಂಟು ಸ್ವರಗಳ ಡಿಮಿನಿಶ್ಡ್ ಸ್ಕೇಲ್. ಸಿ ಮೇಲೆ ಸಿ, ಡಿ, ಇ ಫ್ಲಾಟ್, ಎಫ್, ಜಿ ಫ್ಲಾಟ್, ಎ ಫ್ಲಾಟ್, ಎ, ಬಿ. ಆದರೆ ಕಾರ್ಡ್ ಎರಡೇ ಬೀಟ್ ಇರುವಾಗ ಸ್ಕೇಲ್ ಓಡಿಸಲು ಹೊತ್ತೆಲ್ಲಿ? ಕಾರ್ಡಿನ ನಾಲ್ಕು ಸ್ವರ ನುಡಿಸಿ ಮುಂದಿನ ಕಾರ್ಡಿನ ಸ್ವರಕ್ಕೆ ಇಳಿಯುವುದೇ ಹೆಚ್ಚು ಸಂಗೀತವಾಗಿ ಕೇಳುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಇನ್ನೂ ಆಳಕ್ಕೆ ಹೋಗುವ ಆಸೆ ಇದ್ದರೆ ಡೆಟ್ರಾಯಿಟ್‌ನ ಜಾಜ್ ಪಿಯಾನೋ ವಾದಕ ಬ್ಯಾರಿ ಹ್ಯಾರಿಸ್ (1929–2021) ಕಲಿಸಿದ ದಾರಿ ಹಿಡಿಯಿರಿ. ಅವರು ಸಿ6 (ಸಿ, ಇ, ಜಿ, ಎ) ಮತ್ತು ಬಿ ಡಿಮ್7 ಎರಡನ್ನೂ ಹೆಣೆದು ಎಂಟು ಸ್ವರಗಳ ಸ್ಕೇಲ್ ಮಾಡಿದರು: ಸಿ, ಡಿ, ಇ, ಎಫ್, ಜಿ, ಎ ಫ್ಲಾಟ್, ಎ, ಬಿ. ಇದರ ಮೇಲೆ ಕಾರ್ಡುಗಳನ್ನು ಏರಿಸಿದರೆ ಒಂದು ಸಿ6, ಒಂದು ಡಿಮ್7, ಮತ್ತೆ ಸಿ6, ಮತ್ತೆ ಡಿಮ್7. ನೆಲೆ, ನಡಿಗೆ, ನೆಲೆ, ನಡಿಗೆ.

ರಾಗದ ಹಾಡಿಗೆ ಡಿಮ್7 ಹಾಕಬಹುದಾ?

ಮೊದಲು ರಾಗದಲ್ಲಿ ಆ ನಾಲ್ಕು ಸ್ವರ ಇವೆಯಾ ನೋಡಿ. ಕೀರವಾಣಿಯಲ್ಲಿ ನಿ, ರಿ, ಮ, ಧ ಪೂರ್ತಿ ಸಿಗುತ್ತವೆ. ಸರಸಾಂಗಿಯಲ್ಲೂ ಸಿಗುತ್ತವೆ. ಮಾಯಾಮಾಳವಗೌಳದಲ್ಲಿ ಮೂರು ಗುಂಪುಗಳಲ್ಲಿ ಒಂದೂ ಪೂರ್ತಿ ಆಗುವುದಿಲ್ಲ. ಸಿಂಹೇಂದ್ರಮಧ್ಯಮದಲ್ಲೂ ಇಲ್ಲ. ಮೋಹನದ ಹಾಡಿಗೆ ಕಾಮನ್ ಟೋನ್ ಡಿಮ್7 ಹಾಕಿದರೆ ಸಾಧಾರಣ ಗಾಂಧಾರ, ಪ್ರತಿ ಮಧ್ಯಮ ಒಳಗೆ ಬರುತ್ತವೆ. ಸಿನಿಮಾ ಹಾಡಿನಲ್ಲಿ, ಭಾವಗೀತೆಯಲ್ಲಿ ಅದು ಹೊಂದಬಹುದು. ಕೀರ್ತನೆಗೆ ದಯವಿಟ್ಟು ಬೇಡ.

ಸ್ವರಗಳು ಇದ್ದರೂ ಗಮಕದ ವಿಷಯ ಇದೆ. ಹಾಡುವವರು ಗಾಂಧಾರವನ್ನೋ ನಿಷಾದವನ್ನೋ ತೂಗುವಾಗ ಕೆಳಗೆ ಕಾರ್ಡ್ ಗಟ್ಟಿಯಾಗಿ ಹಿಡಿದು ನಿಂತರೆ ಎರಡೂ ಜಗಳವಾಡುತ್ತವೆ. ಸ್ವರ ನೇರವಾಗಿ ನಿಲ್ಲುವ ಜಾಗದಲ್ಲಿ, ಸಾಲಿನ ಕೊನೆಯಲ್ಲಿ ಷಡ್ಜಕ್ಕೆ ಬರುವ ಮುಂಚೆ, ಒಂದು ಬೀಟ್ ಮಾತ್ರ ಹಾಕಿ.

ನುಡಿಸಿದರೆ ಗಲೀಜಾಗಿ ಕೇಳುತ್ತದೆ. ಏನು ಮಾಡಲಿ?

ಎಡಗೈಯಲ್ಲಿ ತೀರಾ ಕೆಳಗೆ ನಾಲ್ಕೂ ಸ್ವರ ಒತ್ತಿಕೊಂಡು ನುಡಿಸುತ್ತಿದ್ದೀರಿ ಅನಿಸುತ್ತದೆ. ಎಡಗೈಗೆ ಬೇಸ್ ಒಂದೇ ಕೊಡಿ, ಉಳಿದ ಮೂರು ಮಿಡ್ಲ್ ಸಿ ಸುತ್ತಮುತ್ತ ಬಲಗೈಯಲ್ಲಿರಲಿ. ಕಾರ್ಡ್ ಬದಲಾಗುವಾಗ ಪೆಡಲ್ ಎತ್ತಿ.

ದಿನಾ ಹೇಗೆ ಅಭ್ಯಾಸ ಮಾಡಲಿ?

ನಿಮಗೆ ಚೆನ್ನಾಗಿ ಬರುವ ಒಂದು ಹಾಡು ತೆಗೆದುಕೊಳ್ಳಿ. ಸಿ ಇಂದ ಡಿ ಮೈನರಿಗೋ, ಎಫ್ ಇಂದ ಜಿಗೋ ಹೋಗುವ ಒಂದು ಜಾಗ ಹುಡುಕಿ. ಆ ಸಾಲನ್ನು ಮಾತ್ರ, ನಡುವೆ ಡಿಮ್7 ಕೊನೆಯ ಬೀಟಿಗೆ ಹಾಕಿ, ನಿಧಾನವಾಗಿ ನುಡಿಸಿ. ಆಮೇಲೆ ಡಿಮ್7 ತೆಗೆದು ನುಡಿಸಿ. ಎರಡರ ವ್ಯತ್ಯಾಸವನ್ನು ಹಾಡಿಕೊಂಡು ಕೇಳಿ, ಅದರಲ್ಲೂ ಬೇಸನ್ನು ಬಾಯಲ್ಲಿ ಹಾಡಿ. ಅದು ಕೂತ ಮೇಲೆ ಅದೇ ಸಾಲನ್ನು ಅರ್ಧ ಸ್ವರ ಮೇಲೆ, ಇನ್ನರ್ಧ ಮೇಲೆ ನುಡಿಸಿ. ಮೂರು ಸ್ಕೇಲಿನಲ್ಲಿ ಮುಗಿಸುವ ಹೊತ್ತಿಗೆ ಮೂರೂ ಡಿಮ್7 ಶೇಪ್ ಕೈಗೆ ಬಂದಿರುತ್ತವೆ. ಬೇರೆ ಸ್ಕೇಲಿಗೆ ಹೋದಾಗ ಹೊಸದಾಗಿ ಕಲಿಯಬೇಕಾದದ್ದು ಮುಂದಿನ ಕಾರ್ಡ್ ಮಾತ್ರ.